ಜಾಲಾಪೂಪ ಮೀಮಾಂಸೆ

ಹುಮನಾಬಾದಿನ ಬಸ್ ನಿಲ್ದಾಣದಲ್ಲಿ ಬಾಗಿಲಿಗೆ ಜೋತುಬಿದ್ದ ಕಂಡಕ್ಟರನು "ಹುಡಗಿ, ಹುಡಗಿ, ಯಾರ್ರೀ ಹುಡಗಿ!" ಎಂದು ಕೂಗುವುದನ್ನು ಮೊತ್ತಮೊದಲಿಗೆ ಕೇಳಿದ ತೆಂಕಣ ನಾಡಿನ ಪ್ರಯಾಣಿಕರು ಬೆಚ್ಚಿ ತಲೆಯೆತ್ತುವುದೂ, ಅದು ತರುಣಿಯೊಬ್ಬಳನ್ನು ಕರೆಯುವ ಕೂಗಲ್ಲ, ಟಿಕೀಟಿನ ಮೇಲೆ ಅಚ್ಚಾಗುವ ಒಂದು ಊರಿನ ಹೆಸರೆಂದು ತಿಳಿದ ಮೇಲೆ ಅದೇ ತಲೆಯನ್ನು ಮೊದಲಿಗಿಂತ ಕೆಳಗೆ ತಗ್ಗಿಸುವುದೂ ನಮಗೆ ನಿತ್ಯದ ನೋಟ. ಅಂಥ ಊರಿನಲ್ಲಿ ಹುಟ್ಟಿ ಬೆಳೆದು, "ನಿಮ್ಮದು ಯಾವೂರು?" ಎಂಬ ಸರಳವಾದ ಪ್ರಶ್ನೆಗೆ ಉತ್ತರ ಕೊಟ್ಟಾಗಲೆಲ್ಲ ಎದುರಿನವರ ತುಟಿಯಂಚಿನಲ್ಲಿ ಮೂಡುವ ನಗೆಯನ್ನು ಐವತ್ತೆಂಟು ವರ್ಷ ಸಹಿಸಿದವನಿಗೆ, ಶಬ್ದಕ್ಕೂ ಅರ್ಥಕ್ಕೂ ಇರುವ ಸಂಬಂಧವು ನಿತ್ಯವೋ ಅನಿತ್ಯವೋ ಎಂಬ ಜೈಮಿನಿಯ ಕಾಲದ ವಿವಾದದಲ್ಲಿ ಬಾಯಿ ಹಾಕುವ ಅಧಿಕಾರವು ಸ್ವತಃಸಿದ್ಧವೆಂದು ನನ್ನ ನಂಬಿಕೆ. ಆದುದರಿಂದ, ದೀಪಾವಳಿಯ ಮರುವಾರ ನಮ್ಮ ಮನೆಯನ್ನು ಹೊಕ್ಕ ವಾಫಲ್ ಎಂಬ ಪದಾರ್ಥವನ್ನು ಕುರಿತು ನಾನು ಬರೆಯಹೊರಟ ಈ ನಿಬಂಧಕ್ಕೆ ಅಧಿಕಾರಿ ಯಾರು, ವಿಷಯವೇನು, ಸಂಬಂಧವೆಂಥದು, ಪ್ರಯೋಜನ ಯಾವುದು ಎಂಬ ಅನುಬಂಧಚತುಷ್ಟಯದಲ್ಲಿ ಮೊದಲನೆಯದು ಇಲ್ಲಿಗೆ ಇತ್ಯರ್ಥವಾಯಿತು. ಕೊನೆಯದಾದ ಪ್ರಯೋಜನವನ್ನು ಹಸಿದವರಿಗೆ ವಿವರಿಸಬೇಕಾಗಿಲ್ಲ. ಉಂಡವರಿಗೆ ವಿವರಿಸಿ ಫಲವಿಲ್ಲ.

ಪದಾರ್ಥವು ಬಂದ ಬಗೆ ಹೀಗೆ. ಹೈದರಾಬಾದಿನಲ್ಲಿ ಕಂಪ್ಯೂಟರಿನ ಮುಂದೆ ಕುಳಿತು ಸಂಬಳ ಪಡೆಯುವ ನಮ್ಮ ಅಣ್ಣನ ಮಗನು ಊರಿಗೆ ಬರುವಾಗ ಸೋಲಾಪುರದ ಹೆದ್ದಾರಿ ಹಿಡಿದ ಬಸ್ಸಿನಲ್ಲಿ, ಅತ್ತ ಪೆಟ್ಟಿಗೆಯೂ ಅಲ್ಲದ ಇತ್ತ ಪಾತ್ರೆಯೂ ಅಲ್ಲದ, ಎರಡು ದುಂಡನೆಯ ಹಲಗೆಗಳನ್ನು ಕೀಲಿನಿಂದ ಜೋಡಿಸಿ ಬಾಲಕ್ಕೆ ವಿದ್ಯುತ್ತಿನ ತಂತಿ ಕಟ್ಟಿದ ಕಪ್ಪು ಯಂತ್ರವೊಂದನ್ನು ತೊಡೆಯ ಮೇಲಿಟ್ಟುಕೊಂಡು ತಂದನು. ಅದನ್ನು ಕಂಡೊಡನೆ ನಮ್ಮ ವೈನಿಯವರು "ಹೊಸ ಇಸ್ತ್ರಿ ತಂದೀ ಏನೋ?" ಎಂದು ಕೇಳಿದರು. ಮನೆಯವರೆಲ್ಲ ನಕ್ಕರು, ನಾನು ಮಾತ್ರ ನಗಲಿಲ್ಲ. ಏಕೆಂದರೆ ಆಂಗ್ಲರು ವಾಫಲ್ ಬೇಯಿಸುವ ಈ ಯಂತ್ರಕ್ಕೂ ಬಟ್ಟೆ ತೀಡುವ ಇಸ್ತ್ರಿಗೂ ಕಬ್ಬಿಣವೆಂಬ ಒಂದೇ ಹೆಸರನ್ನು ಕೊಟ್ಟಿದ್ದಾರೆ. ನಾಲ್ಕನೆಯ ಇಯತ್ತೆಗೆ ಶಾಲೆ ಬಿಟ್ಟ ವೈನಿಯವರು ಭಾಷಾಶಾಸ್ತ್ರದ ಸತ್ಯವೊಂದನ್ನು ಕೇವಲ ಕಣ್ಣಿನಿಂದ ಮುಟ್ಟಿದ್ದನ್ನು ನಾನು ಅಲ್ಲಿಯೇ ಡೈರಿಯಲ್ಲಿ ಗುರುತು ಹಾಕಿಕೊಂಡೆನು.

ಇನ್ನು ನಾಮವಿಚಾರ. ಅಣ್ಣನ ಮಗನ ಮತದಲ್ಲಿ, ಇದರೊಳಗೆ 'ಫಲ' ಇರುವುದರಿಂದ ಇದು ಹಣ್ಣಿನ ತಿನಿಸು. ನನಗೆ ಇದಕ್ಕಿಂತ ಗಹನವಾದ ವ್ಯುತ್ಪತ್ತಿಯೊಂದು ರಾತ್ರಿ ಮಲಗಿದಾಗ ಹೊಳೆಯಿತು: ಸಂಸ್ಕೃತದಲ್ಲಿ 'ವಾ' ಎಂಬ ಅವ್ಯಯವು ವಿಕಲ್ಪವನ್ನು ಸೂಚಿಸುತ್ತದೆ, ಆದ್ದರಿಂದ 'ವಾ–ಫಲ' ಎಂದರೆ 'ಫಲವಾದರೂ ಆದೀತು, ಆಗದೆಯೂ ಹೋದೀತು' ಎಂದಾಗುತ್ತದೆ, ಮರುದಿನದ ಅನುಭವವು ಈ ವ್ಯುತ್ಪತ್ತಿಯನ್ನು ಅಕ್ಷರಶಃ ಸಮರ್ಥಿಸಿತು. ಆದರೂ ಸತ್ಯಕ್ಕೆ ಅಂಜಿ ಹೇಳಬೇಕಾದ ಮಾತೆಂದರೆ, ಈ ಶಬ್ದವು ಡಚ್ಚರ 'ವಾಫೆಲ್' ಎಂಬುದರಿಂದ ಬಂದದ್ದು. ಅದರ ಬೇರು ನೆಯ್ಗೆಯನ್ನು ಹೇಳುವ ಜರ್ಮಾನಿಕ್ ಧಾತುವಿನಲ್ಲಿದೆ. ಜೇನಿನ ಹುಟ್ಟಿಗೆ ಜರ್ಮನರು ಹೇಳುವ 'ವಾಬೆ' ಎಂಬ ಮಾತು ಇದರ ಜ್ಞಾತಿ. ಜೇನುಹುಟ್ಟು, ನೆಯ್ಗೆ, ಬಲೆ, ಇವೆಲ್ಲವುಗಳಲ್ಲಿ ಸಮಾನವಾದ ಗುಣವು ಎಳೆಯಲ್ಲ, ಎಳೆಗಳ ನಡುವಿನ ತೆರಪು. ಋಗ್ವೇದದ ಕಾಲಕ್ಕೇ ಹಿಟ್ಟಿನ ಕಡುಬಿಗೆ 'ಅಪೂಪ' ಎಂಬ ಹೆಸರಿದ್ದುದರಿಂದ, ಬಲೆಯಂಥ ಅಪೂಪವೆಂಬ ಅರ್ಥದಲ್ಲಿ ಇದನ್ನು 'ಜಾಲಾಪೂಪ'ವೆಂದು ಕರೆಯತಕ್ಕದ್ದೆಂಬುದು ನನ್ನ ಪ್ರಸ್ತಾಪ. ಸವರ್ಣದೀರ್ಘ ಸಂಧಿಯು ನಿರ್ದುಷ್ಟವಾಗಿದೆ. ಎರಡೂ ಪದಗಳು ಸಂಸ್ಕೃತವಾದುದರಿಂದ ಕೇಶಿರಾಜನು ಹೇಳಿದ ಅರಿಸಮಾಸದ ದೋಷವೂ ತಟ್ಟುವುದಿಲ್ಲ. ಮನೆಯಲ್ಲಿ ಈ ಹೆಸರನ್ನು ಉಚ್ಚರಿಸಿದಾಗ ಎದೆನೋವಿನ ಔಷಧಿಯೇ ಎಂದು ಅಣ್ಣನು ಕೇಳಿದ್ದನ್ನು ನಾನು ಇಲ್ಲಿ ಗಣಿಸುವುದಿಲ್ಲ.

ಪೂರ್ವಸೂರಿಗಳು ಈ ಜಾಲಾಪೂಪವನ್ನು ಬಲ್ಲರೆ ಎಂಬುದು ಎರಡನೆಯ ಪ್ರಶ್ನೆ. ನಮ್ಮ ಹುಡಗಿಗೆ ನೆರೆಯದಾದ ಬಸವಕಲ್ಯಾಣವು ಹಿಂದೆ ಬರಿಯ ಕಲ್ಯಾಣವಾಗಿದ್ದು ಚಾಲುಕ್ಯ ಚಕ್ರವರ್ತಿಗಳ ರಾಜಧಾನಿಯಾಗಿದ್ದಾಗ, 1126ರಿಂದ 1138ರವರೆಗೆ ಆಳಿದ ಮೂರನೆಯ ಸೋಮೇಶ್ವರನು 'ಮಾನಸೋಲ್ಲಾಸ'ವೆಂಬ ಸಂಸ್ಕೃತ ಗ್ರಂಥವನ್ನು ರಚಿಸಿದನು. ಇಪ್ಪತ್ತು ಇಪ್ಪತ್ತು ಅಧ್ಯಾಯಗಳ ಐದು ವಿಂಶತಿಗಳಲ್ಲಿ ಆನೆಯಿಂದ ಹಿಡಿದು ಅನ್ನದವರೆಗೆ ಅರಸನೊಬ್ಬನಿಗೆ ಬೇಕಾದುದೆಲ್ಲವನ್ನೂ ಹೇಳಿದ ಈ ಮಹಾರಾಜನು ಅನ್ನಭೋಗದ ಪ್ರಕರಣದಲ್ಲಿ ಇಡ್ಲಿಯ ಹಿರಿಯಜ್ಜಿಯಾದ ಇಡ್ಡರಿಕೆಯನ್ನೂ ದೋಸೆಯ ಪೂರ್ವಜನಾದ ದೋಸಕವನ್ನೂ ವಡೆಯನ್ನೂ ಬಾಯಲ್ಲಿ ನೀರೂರುವಂತೆ ವರ್ಣಿಸಿ, ಅಷ್ಟಕ್ಕೇ ತೃಪ್ತನಾಗದೆ, ಹೊಲದ ಇಲಿಯನ್ನು ಸುಡುವ ವಿಧಾನವನ್ನೂ ಅದೇ ಪ್ರೀತಿಯಿಂದ ಹೇಳಿದ್ದಾನೆ. ಇಲಿಯನ್ನೂ ಬಿಡದ ಅರಸನು ವಾಫಲನ್ನು ಬಿಟ್ಟಿರುವುದರಿಂದ, ಅದು ಕಲ್ಯಾಣದಲ್ಲಿ ಆಗ ಇರಲಿಲ್ಲವೆಂದು ಅಲ್ಪಜ್ಞರು ತೀರ್ಮಾನಿಸಿಯಾರು. ಅದೇ ವಂಶದ ಜಯಸಿಂಹನ ಆಶ್ರಯದಲ್ಲಿ ಸುಮಾರು 1025ರಲ್ಲಿ 'ಲೋಕೋಪಕಾರ'ವನ್ನು ಬರೆದು ಅದರಲ್ಲಿ ಅಡುಗೆಗೂ ಎಡೆಗೊಟ್ಟ ಎರಡನೆಯ ಚಾವುಂಡರಾಯನೂ, ಹದಿನಾರನೆಯ ಶತಮಾನದ ಆದಿಯಲ್ಲಿ 'ಸೂಪಶಾಸ್ತ್ರ'ವನ್ನು ರಚಿಸಿ ಅದರ ಮೊದಲ ಅಧ್ಯಾಯವನ್ನೇ ಹಿಟ್ಟಿನ ಪಾಕಕ್ಕೆ ಮೀಸಲಿಟ್ಟ ಮೂರನೆಯ ಮಂಗರಸನೂ ಈ ವಿಷಯದಲ್ಲಿ ಮೌನವಾಗಿದ್ದಾರೆ. ಮೂವರು ಪ್ರಾಮಾಣಿಕರು ಒಮ್ಮತದಿಂದ ಮೌನವಹಿಸಿದರೆ ಅದರ ಹಿಂದೆ ರಹಸ್ಯವೊಂದು ಇರಲೇಬೇಕೆಂಬುದು ಸಂಶೋಧನೆಯ ಮೂಲಸೂತ್ರ. ನಮ್ಮಲ್ಲಿ ಎಷ್ಟೋ ಪ್ರಬಂಧಗಳಿಗೆ ಪದವಿ ದೊರೆತಿರುವುದು ಈ ಸೂತ್ರದ ಬಲದಿಂದ.

ರಹಸ್ಯವನ್ನು ನಾನು ಗ್ರಂಥದಲ್ಲಿ ಅಲ್ಲ, ಕಲ್ಲಿನಲ್ಲಿ ಕಂಡೆನು. ಚಾಲುಕ್ಯರ ದೇಗುಲಗಳ ಗೋಡೆಯಲ್ಲಿ ಬೆಳಕನ್ನು ಸೋಸಿ ಒಳಗೆ ಬಿಡುವ ಜಾಲಂಧ್ರಗಳನ್ನು ನೋಡಿದವರು ಬಲ್ಲರು. ಕಲ್ಲಿನ ಹಲಗೆಗೆ ಸಾಲಾಗಿ ತೂತು ಕೊರೆದು, ಉಳಿದ ಕಲ್ಲನ್ನು ಬಲೆಯಾಗಿಸಿದ ಕಿಟಕಿ ಅದು. ನಮ್ಮ ತಾಲೂಕಿನ ಜಲಸಂಗ್ವಿಯ ಗುಡಿಗೆ ಯಂತ್ರವು ಬಂದ ಮರುದಿನವೇ ಹೋಗಿದ್ದೆನು. ಅಲ್ಲಿನ ಹೊರಗೋಡೆಯ ಮದನಿಕೆಯರಲ್ಲಿ ಒಬ್ಬಳು ಬಳುಕಿ ನಿಂತು ಗೋಡೆಯ ಮೇಲೆ ಶಾಸನ ಬರೆಯುತ್ತಿದ್ದಾಳೆಂಬುದು ಪ್ರಸಿದ್ಧ. ಅವಳು ಬರೆಯುತ್ತಿರುವುದು ಎಲ್ಲಿಯಾದರೂ ಪಾಕವಿಧಾನವಾಗಿದ್ದೀತೇ ಎಂಬ ಆಸೆಯಿಂದ ಕನ್ನಡಕವನ್ನು ಒರೆಸಿ ಒರೆಸಿ ನೋಡಿದೆನು. ಆಕೆ ಬರೆದದ್ದು ವಿಕ್ರಮಾದಿತ್ಯ ಚಕ್ರವರ್ತಿಯ ಸ್ತುತಿ. ಒಂಬೈನೂರು ವರ್ಷ ಒಂದೇ ಕಾಲಿನ ಮೇಲೆ ಭಾರ ಹಾಕಿ ನಿಂತು ಗಂಡಸೊಬ್ಬನನ್ನು ಹೊಗಳುವ ಬದಲು ಎರಡು ಸಾಲು ಅಡುಗೆ ಬರೆದಿದ್ದರೆ ಉಪಕಾರವಾಗುತ್ತಿತ್ತು. ಅದೇನೇ ಇರಲಿ, ಜಾಲಂಧ್ರದ ತತ್ತ್ವವು, ಅಂದರೆ ಇಲ್ಲದ ಕಡೆಯಿಂದಲೇ ಇರುವುದಕ್ಕೆ ಬೆಲೆ ಬರುತ್ತದೆಂಬುದು, ಈ ನೆಲಕ್ಕೆ ಹೊಸದಲ್ಲವೆಂದು ಸಿದ್ಧವಾಯಿತು. ಕಲ್ಲಿನಲ್ಲಿ ಬೆಳಕಿಗೆಂದು ಮಾಡಿದ್ದನ್ನು ಹಿಟ್ಟಿನಲ್ಲಿ ಬೆಲ್ಲಕ್ಕೆಂದು ಮಾಡಿದರೆ ಅದು ವಾಫಲ್.

ಇಷ್ಟು ಶ್ರಮದಿಂದ ಕಟ್ಟಿದ ಸಿದ್ಧಾಂತವನ್ನು ಊಟದ ಮನೆಯಲ್ಲಿ ಮಂಡಿಸುತ್ತಿರುವಾಗ ನಮ್ಮ ಅವ್ವ ಯಂತ್ರದ ಬಾಯಿ ತೆರೆದು, ಒಳಗಿನ ಉಬ್ಬುಗಳ ಮೇಲೆ ಬೆರಳಾಡಿಸಿ, "ತಮ್ಮಾ, ಇದು ಗುಂತಪಂಗಳದ ಹಂಚು ಬೋರಲು ಹಾಕ್ದಂಗ ಅದಲ್ಲೋ" ಎಂದಳು. ನಾನು ಸ್ತಬ್ಧನಾದೆನು. ಗುಂತಪಂಗಳದ ಹಂಚಿನಲ್ಲಿ, ಅಂದರೆ ತೆಂಕಣದವರು ಪಡ್ಡಿನ ಹಂಚೆನ್ನುವುದರಲ್ಲಿ, ಗುಳಿ ಇರುವುದು ಲೋಹಕ್ಕೆ, ಉಬ್ಬು ಬರುವುದು ತಿನಿಸಿಗೆ. ಇಲ್ಲಿ ಉಬ್ಬು ಲೋಹಕ್ಕೆ, ಗುಳಿ ತಿನಿಸಿಗೆ. ಒಂದು ಇನ್ನೊಂದರ ಪ್ರತಿಬಿಂಬ. ಡಚ್ಚರ ದೇಶಕ್ಕೂ ಹುಡಗಿಗೂ ನಡುವೆ ಸಾವಿರಾರು ಮೈಲಿ ಅಂತರವಿದ್ದರೂ, ಹಿಟ್ಟನ್ನು ಹಾಗೆಯೇ ಚಪ್ಪಟೆಯಾಗಿ ಬೇಯಿಸಲು ಮನಸ್ಸೊಪ್ಪದ ಮಾನವಕುಲದ ಎರಡು ಶಾಖೆಗಳು ಒಂದೇ ಪ್ರಶ್ನೆಗೆ ಒಂದನ್ನೊಂದು ಮಗುಚಿದ ಉತ್ತರಗಳನ್ನು ಕೊಟ್ಟಿವೆ. ಈ ವಾಕ್ಯವನ್ನು ನಾನು ಅವ್ವನ ಹೆಸರಿನಲ್ಲಿ ಉಲ್ಲೇಖಿಸಬೇಕಾಗಿದೆ. ಆದರೆ ಆಕೆ ತನ್ನ ಮಾತಿಗೆ ಯಾವ ಮಹತ್ತ್ವವನ್ನೂ ಕೊಡದೆ ಜೋಳ ಹಸನು ಮಾಡಲು ಕುಳಿತಳು.

ಗುಳಿಯ ಗಣಿತವನ್ನು ನಾನು ಬಿಡುವಂತಿರಲಿಲ್ಲ. ಅರ್ಧ ಅಂಗುಲ ಚೌಕದ, ಅರ್ಧ ಅಂಗುಲ ಆಳದ ಒಂದು ಗುಳಿಯನ್ನು ಕಲ್ಪಿಸಿಕೊಂಡರೆ, ಚಪ್ಪಟೆ ರೊಟ್ಟಿಯಲ್ಲಿ ಅಷ್ಟು ಜಾಗದಲ್ಲಿ ಒಂದೇ ಚೌಕವಿದ್ದಲ್ಲಿ, ಇಲ್ಲಿ ತಳದ ಒಂದು ಚೌಕದ ಜೊತೆಗೆ ನಾಲ್ಕು ಗೋಡೆಗಳೂ ಸೇರಿ ಐದಾಗುತ್ತವೆ. ಅಂದರೆ ಕೆಂಪಗೆ ಗರಿಗರಿಯಾಗಬಲ್ಲ ಮೈ ಐದು ಪಟ್ಟು. ಗರಿಯಾದುದೆಲ್ಲ ಹೊರಮೈ, ಮೆತ್ತನೆಯದೆಲ್ಲ ಒಳಮೈ; ಹೊರಮೈಯನ್ನು ಹೀಗೆ ಮಡಿಸಿ ಮಡಿಸಿ ಒಳಗೆ ತುಂಬುವ ಉಪಾಯವು ರೊಟ್ಟಿಗೆ ತಿಳಿಯದು. 1869ರ ಆಗಸ್ಟ್ 24ರಂದು ಅಮೆರಿಕದ ನ್ಯೂಯಾರ್ಕ್ ರಾಜ್ಯದ ಟ್ರಾಯ್ ಎಂಬ ಊರಿನ ಕಾರ್ನೇಲಿಯಸ್ ಸ್ವಾರ್ಟ್‌ವೌಟ್ ಎಂಬಾತನು ಒಲೆಯ ಮೇಲಿಟ್ಟು ತಿರುವಿ ಹಾಕಬಲ್ಲ ವಾಫಲ್ ಹಂಚಿಗೆ ಪೇಟೆಂಟು ಪಡೆದದ್ದರಿಂದ, ಆ ದೇಶದವರು ಇಂದಿಗೂ ಆ ದಿನವನ್ನು ವಾಫಲಿನ ತಿಥಿಯಾಗಿ ಆಚರಿಸುತ್ತಾರೆ. ಒಂದು ಶತಮಾನದ ತರುವಾಯ, 1971ರಲ್ಲಿ, ಬಿಲ್ ಬೋವರ್‌ಮನ್ ಎಂಬ ಓಟದ ಗುರುವು ಹೆಂಡತಿಯ ವಾಫಲ್ ಹಂಚಿಗೆ ರಬ್ಬರಿನ ದ್ರವವನ್ನು ಸುರಿದು ಬೂಟಿನ ಅಟ್ಟೆಯನ್ನು ಎರಕ ಹೊಯ್ಯಲು ಹೋಗಿ ಹಂಚನ್ನು ಹಾಳುಮಾಡಿದನು. ಆ ಹಾಳಿನಿಂದ ನೈಕಿ ಬೂಟುಗಳ ಪ್ರಸಿದ್ಧವಾದ ಅಟ್ಟೆ ಹುಟ್ಟಿತು. ಈ ಇತಿಹಾಸವನ್ನು ಕೇಳಿದ ವೈನಿಯವರು ಅಣ್ಣನ ಕಡೆಗೆ ನೋಡಿ, "ಇವರ ಕೈಗೆ ಮಾತ್ರ ಕೊಡಬ್ಯಾಡ್ರಿ" ಎಂದರು.

ಕಾಲವಿಚಾರವೂ ಸಣ್ಣದಲ್ಲ. ವಾಫಲನ್ನು ತಿನ್ನತಕ್ಕ ಹೊತ್ತು ಬ್ರಂಚ್ ಎಂದು ಮಗನು ಹೇಳಿದನು. 1895ರಲ್ಲಿ ಗೈ ಬೆರಿಂಜರ್ ಎಂಬ ಆಂಗ್ಲ ಲೇಖಕನು, ಶನಿವಾರ ರಾತ್ರಿ ತಡವಾಗಿ ಮಲಗಿದವರು ಭಾನುವಾರ ಬೇಗ ಏಳಲಾರರೆಂಬ ಕರುಣೆಯಿಂದ, ಬೆಳಗಿನ ತಿಂಡಿಯನ್ನೂ ನಡುಹಗಲಿನ ಊಟವನ್ನೂ ಒಂದಾಗಿಸಬೇಕೆಂದು ಲೇಖನವೊಂದರಲ್ಲಿ ವಾದಿಸಿದ್ದು ಈ ಶಬ್ದದ ಪ್ರಥಮ ಪ್ರಮಾಣ. ಆ ಮಹಾಶಯನು ನಮ್ಮ ಸೀಮೆಯ ಹೊಲಗಳನ್ನು ನೋಡಿದ್ದರೆ ಕಾಗದವನ್ನು ಉಳಿಸಬಹುದಾಗಿತ್ತು. ನಸುಕಿನಲ್ಲಿ ಚಹಾ ಕುಡಿದು ಹೊಲಕ್ಕೆ ಹೋದವನಿಗೆ ಹೊತ್ತೇರಿದ ಮೇಲೆ, ಸುಮಾರು ಹತ್ತು ಹತ್ತೂವರೆಗೆ, ಬುತ್ತಿಯಲ್ಲಿ ರೊಟ್ಟಿ ಪಲ್ಯ ಖಾರ ಕಟ್ಟಿಕೊಂಡು ಬಂದು ಮನೆಯಾಕೆ ಬದುವಿನ ಮೇಲೆ ಬಿಚ್ಚುವ ನ್ಯಾರಿಯು ಬ್ರಂಚಲ್ಲದೆ ಮತ್ತೇನು? ವ್ಯತ್ಯಾಸವಿಷ್ಟೆ: ಬೆರಿಂಜರನ ಬ್ರಂಚು ತಡವಾಗಿ ಎದ್ದವರದು, ನಮ್ಮ ನ್ಯಾರಿ ಬೇಗ ಎದ್ದವರದು. ಎರಡೂ ಹೊಟ್ಟೆಗಳು ಹತ್ತೂವರೆಗೇ ಕೂಗಿಕೊಳ್ಳುವುದು ಕಾಲನ ನಿಷ್ಪಕ್ಷಪಾತ.

ಆದರೂ ಪೇಟೆಯ ನೆಂಟರೆದುರು ಬದುವಿನ ಮಾತನ್ನಾಡಲು ಸಂಕೋಚಪಟ್ಟ ಅಣ್ಣನು ಹೊಸ ಶಬ್ದವೊಂದನ್ನು ಕಟ್ಟಿಕೊಡೆಂದು ಕೇಳಿದನು. ನಿಜಾಮರ ಕಾಲದಿಂದ ನಾವು ಬೆಳಗಿನ ತಿಂಡಿಗೆ ನಾಷ್ಟಾ ಎನ್ನುತ್ತೇವೆ, ನಡುಹಗಲಿನದು ಊಟ. ನಾಷ್ಟಾ ಮತ್ತು ಊಟಗಳನ್ನು ಕೂಡಿಸಿದರೆ ಗುಣಸಂಧಿಯಾಗಿ 'ನಾಷ್ಟೋಟ' ಆಗಬೇಕೋ, ಲೋಪಸಂಧಿಯಾಗಿ 'ನಾಷ್ಟೂಟ' ಆಗಬೇಕೋ ಎಂಬಲ್ಲಿ ಎರಡು ತಾಸು ಹೋಯಿತು. ಗುಣಸಂಧಿಯು ಸಂಸ್ಕೃತದ ಸ್ವತ್ತು. ಪಾರಸಿಯ ಮಗನಿಗೂ ಕನ್ನಡದ ಮಗಳಿಗೂ ಅದು ಲಗ್ನ ಮಾಡಿಸಲಾರದು. ಆದ್ದರಿಂದ ನಾಷ್ಟೂಟವೇ ಸಾಧು. ಈ ನಿರ್ಣಯವನ್ನು ಪ್ರಕಟಿಸಿದಾಗ ಹನ್ನೊಂದು ಗಂಟೆ ದಾಟಿ, ನಾಷ್ಟಾದ ಅಂಶವು ಸಂಧಿಯಿಂದ ತಾನಾಗಿ ಲೋಪಹೊಂದಿತ್ತು.

ಈಗ ದ್ರವ್ಯವಿಚಾರ. ಆರೋಗ್ಯಕರವಾದ ವಾಫಲ್ ಬೇಕೆಂಬುದು ಮಗನ ಹಟ. ಮೈದಾ ಸಲ್ಲದು, ಸಕ್ಕರೆ ಸಲ್ಲದು. ಹಾಗಾದರೆ ಜೋಳದ ಹಿಟ್ಟೆಂದೆನು. ಜೋಳದ ಹಿಟ್ಟಿನಲ್ಲಿ ಗೋಧಿಯ ಜಿಗುಟು ಇಲ್ಲ. ನಮ್ಮ ಹೆಂಗಸರು ಕುದಿಯುವ ನೀರು ಹುಯ್ದು ಹಿಟ್ಟಿಗೆ ಬಲವಂತದ ಜಿಗಿ ಬರಿಸಿ ರೊಟ್ಟಿ ಬಡಿಯುವುದು ಅದರಿಂದಲೇ. ತೆಳ್ಳಗೆ ಕಲಸಿದ ಹಿಟ್ಟಿಗೆ ಈ ಉಪಾಯ ನಡೆಯದು. ಆದ್ದರಿಂದ ಎರಡು ಬಟ್ಟಲು ಜೋಳದ ಹಿಟ್ಟಿಗೆ ಒಂದು ಬಟ್ಟಲು ಗೋಧಿಹಿಟ್ಟು, ಕಪ್ಪಿಟ್ಟ ಸಿಪ್ಪೆಯ ಎರಡು ಬಾಳೆಹಣ್ಣನ್ನು ಕಿವುಚಿ, ಹಿಂದಿನ ದಿನದ ಹುಳಿಮಜ್ಜಿಗೆ, ಚಿಟಿಕೆ ಉಪ್ಪು, ಎರಡು ಚಮಚ ತುಪ್ಪ, ಕೊನೆಗೆ ಅರ್ಧ ಚಮಚ ಸೋಡಾ. ಮಜ್ಜಿಗೆಯ ಹುಳಿಯು ಸೋಡಾವನ್ನು ಮುಟ್ಟಿದೊಡನೆ ಗಾಳಿ ಹುಟ್ಟಿ ಹಿಟ್ಟು ಉಸಿರಾಡತೊಡಗುತ್ತದೆ. ಆ ಉಸಿರು ಇರುವಾಗಲೇ ಹಂಚಿಗೆ ಹುಯ್ಯಬೇಕು. ಇದನ್ನು ನಾನು ತಿಳಿದದ್ದು, ಸೋಡಾ ಹಾಕಿದ ಮೇಲೆ ಹಿಟ್ಟನ್ನು ಅರ್ಧ ತಾಸು ಬಿಟ್ಟು ಕೇಶಿರಾಜನನ್ನು ಹುಡುಕಲು ಹೋಗಿ ಬಂದ ಮೇಲೆ. ಹೊಸದಾಗಿ ಕಲಸಬೇಕಾಯಿತು.

ಮತ್ತೊಂದು ಅಪರಾಧವನ್ನೂ ಒಪ್ಪಿಕೊಳ್ಳಬೇಕು. ಕಾರ್ತಿಕದಲ್ಲಿ ಬೀದರ ಸೀಮೆಯ ಸೀತಾಫಲಗಳು ಬುಟ್ಟಿ ಬುಟ್ಟಿಯಾಗಿ ಬರುತ್ತವೆ. ಹೆಸರಿನಲ್ಲಿ ಸೀತೆಯಿದ್ದರೂ ಆ ಹಣ್ಣು ಅಮೆರಿಕ ಖಂಡದಿಂದ ಪೋರ್ಚುಗೀಸರ ಹಡಗಿನಲ್ಲಿ ಬಂದದ್ದು. ಪೇರಲವೂ ಹಾಗೆಯೇ, ನಮ್ಮ ಖಾರದ ಮೆಣಸಿನಕಾಯಿಯೂ ಹಾಗೆಯೇ. ಹೀಗೆ ಪರದೇಶದ ಹಣ್ಣಿಗೆ ಪರದೇಶದ ತಿನಿಸಿನಲ್ಲಿ ಜನ್ಮಸಿದ್ಧವಾದ ಸ್ಥಾನವಿದೆಯೆಂದು ತರ್ಕಿಸಿ, ಎರಡು ಸೀತಾಫಲಗಳ ತಿರುಳನ್ನು ಬೀಜ ಬಿಡಿಸಿ ಹಿಟ್ಟಿನ ಒಂದು ಪಾಲಿಗೆ ಬೆರೆಸಿದೆನು. ಅವ್ವ ಬಾಗಿಲಲ್ಲಿ ನಿಂತು, "ಅದನ್ನ ಕಾಸಿದರ ಕೈ ಆಗ್ತದಪ್ಪಾ" ಎಂದಳು. ಕೈ ಎಂದರೆ ನಮ್ಮಲ್ಲಿ ಕಹಿ. ನಾನು ಕೈ ಸುಡುತ್ತದೆಂದು ಅರ್ಥಮಾಡಿಕೊಂಡು, "ಬಟ್ಟೆ ಹಿಡೀತೀನವ್ವಾ" ಎಂದೆನು. ಶಬ್ದಾರ್ಥಸಂಬಂಧದಲ್ಲಿ ಅಧಿಕಾರಿಯೆಂದು ಮೊದಲಿಗೇ ಘೋಷಿಸಿಕೊಂಡವನು ಹೀಗೆ ತನ್ನ ತಾಯ್ನುಡಿಯ ಒಂದೇ ಅಕ್ಷರಕ್ಕೆ ಎಡವಿದನು. ಬಿಸಿ ತಾಗಿದ ಸೀತಾಫಲವು ತನ್ನ ಸಿಹಿಯನ್ನೆಲ್ಲ ಮರೆತು ಬೇವಿನ ಬಂಧುವಾಗುತ್ತದೆ. ಆ ವಾಫಲನ್ನು ಎಮ್ಮೆಗೆ ಹಾಕಿದೆವು. ಅದು ಮೂಸಿ, ಒಮ್ಮೆ ನನ್ನ ಮುಖವನ್ನು ನೋಡಿ, ತಿಂದಿತು. ಅಲ್ಲಿಂದ ಮುಂದೆ ಸೀತಾಫಲವನ್ನು ಹಸಿಯಾಗಿ, ಬೆಂದ ವಾಫಲಿನ ಮೇಲೆ ಮಾತ್ರ ಇಡತಕ್ಕದ್ದೆಂದು ವಿಧಿಸಲಾಯಿತು. ಪಕ್ಕದಲ್ಲಿ ಪೇರಲದ ಹೋಳು.

ಬೇಯುವಿಕೆಯ ನಿರ್ಣಯವು ನ್ಯಾಯಶಾಸ್ತ್ರದ ಪರೀಕ್ಷೆ. ಹೊಗೆ ಕಂಡಲ್ಲಿ ಬೆಂಕಿಯಿದೆಯೆಂದು ಬೆಟ್ಟದ ಕಡೆ ಬೆರಳು ತೋರಿಸಿ ಎರಡು ಸಾವಿರ ವರ್ಷ ಕಳೆದ ನೈಯಾಯಿಕರಿಗೆ ಈ ಯಂತ್ರವು ಹೊಸ ಉದಾಹರಣೆಯನ್ನು ಕೊಡುತ್ತದೆ. ಮುಚ್ಚಿದ ಬಾಯಿಯ ಸುತ್ತ ಆವಿ ಏಳುವಷ್ಟು ಕಾಲ ಒಳಗೆ ನೀರಿದೆ, ಹಸಿಯಿದೆ. ಆವಿ ನಿಂತಾಗ ಬೆಂದಿದೆ. ಇಲ್ಲಿ ಹೇತುವು ಹೊಗೆಯ ಇರುವಿಕೆಯಲ್ಲ, ಆವಿಯ ಇಲ್ಲದಿರುವಿಕೆ. ಪ್ರತಿಜ್ಞೆ, ಹೇತು, ಉದಾಹರಣೆ, ಉಪನಯಗಳವರೆಗೆ ನಾನು ಸುಸೂತ್ರವಾಗಿ ಬಂದಿದ್ದೆನು. ನಿಗಮನಕ್ಕೆ ಮೊದಲೇ ಮಗನು ಆತುರದಿಂದ ಮುಚ್ಚಳವೆತ್ತಿದನು. ವಾಫಲು ನಡುವಿಗೆ ಸೀಳಿ, ಅರ್ಧ ಮೇಲಿನ ಹಲಗೆಗೂ ಅರ್ಧ ಕೆಳಗಿನದಕ್ಕೂ ಅಂಟಿಕೊಂಡಿತು. ಚಮಚದ ಹಿಂಬದಿಯಿಂದ ಪ್ರತಿಯೊಂದು ಉಬ್ಬಿನ ಸಂದಿಯಿಂದಲೂ ಹಿಟ್ಟನ್ನು ಕೆರೆಯುವಾಗ ಎಣಿಸಿದೆನು: ಒಂದು ಮೈಗೆ ಐವತ್ತೆರಡು.

ಇನ್ನು ಪಾಕ. ಇಲ್ಲಿ ನನ್ನ ಲೇಖನಿಯು ಸ್ವಲ್ಪ ನಿಧಾನಿಸುವುದನ್ನು ವಾಚಕರು ಕ್ಷಮಿಸಬೇಕು. ನನ್ನ ಖಾಸಗಿ ಅಭಿಪ್ರಾಯದಲ್ಲಿ ವಾಫಲೆಂಬುದು ಪಾಕವನ್ನು ಬಾಯಿಗೆ ಸಾಗಿಸುವ ವಾಹನವೇ ಹೊರತು ಬೇರೆಯಲ್ಲ. ಕೆನಡಾದವರು ಮೇಪಲ್ ಮರದ ಬೊಡ್ಡೆಗೆ ತೂತು ಕೊರೆದು, ಹನಿಹನಿಯಾಗಿ ಇಳಿದ ರಸವನ್ನು ಸುಮಾರು ನಲವತ್ತು ಲೀಟರಿನಷ್ಟು ಬತ್ತಿಸಿದರೆ ಒಂದು ಲೀಟರು ಪಾಕವಾಗುತ್ತದೆ. ಅದರ ಒಂದು ಶೀಷೆಯ ಬೆಲೆಗೆ ನಮ್ಮಲ್ಲಿ ಮನೆಮಂದಿಯ ವಾರದ ಸಂತೆ ಮುಗಿಯುತ್ತದೆ. ನಮ್ಮ ಕಬ್ಬು ಇಷ್ಟು ಜಿಪುಣಿಯಲ್ಲ. ನೂರು ಕಿಲೋ ಕಬ್ಬಿಗೆ ಹತ್ತು ಕಿಲೋದಷ್ಟು ಬೆಲ್ಲ ಬರುತ್ತದೆ. ಹುಮನಾಬಾದ್ ತಾಲೂಕಿನಲ್ಲಿ ಕಬ್ಬಿನ ಬಹುಪಾಲು ಸಕ್ಕರೆ ಕಾರ್ಖಾನೆಗಳ ದಾರಿ ಹಿಡಿದರೂ, ಊರ ಹೊರಗಿನ ಗಾಣದಲ್ಲಿ ಈಗಲೂ ಕೊಪ್ಪರಿಗೆಯೇರುತ್ತದೆ. ಹಸಿರುಗಂದು ಬಣ್ಣದ ಹಾಲು ಕಾದಂತೆ ಕೊಳೆಯೆಲ್ಲ ನೊರೆಯಾಗಿ ಮೇಲೆ ಬರುವುದು, ಬೆಂಡೆಗಿಡದ ದಂಟನ್ನು ಜಜ್ಜಿ ಅದ್ದಿದ ಲೋಳೆಗೆ ಆ ಕೊಳೆ ಅಂಟಿ ಒಗ್ಗಟ್ಟಾಗುವುದು, ಉದ್ದ ಹಿಡಿಯ ಜಾಲರಿಯಿಂದ ಅದನ್ನು ಎತ್ತಿ ಚೆಲ್ಲುತ್ತಿರುವವನ ಮುಖ ಆವಿಯಲ್ಲಿ ಕಾಣುತ್ತ ಮರೆಯಾಗುತ್ತ ಇರುವುದು, ಕೊನೆಗೆ ಗುಳ್ಳೆಗಳು ದೊಡ್ಡವಾಗಿ ಸೋಮಾರಿಯಾಗಿ ಒಡೆಯತೊಡಗಿದಾಗ ಅವನು ತಣ್ಣೀರಿನ ಬಟ್ಟಲಿಗೆ ಒಂದು ತೊಟ್ಟು ಬಿಟ್ಟು ಬೆರಳಿನಿಂದ ಉಂಡೆ ಮಾಡಿ ನೋಡುವುದು: ಇವನ್ನು ಒಂದು ಸಂಜೆ ನಿಂತು ನೋಡಿದವನು ಶೀಷೆಯ ಪಾಕಕ್ಕೆ ಮರುಳಾಗಲಾರನು. ಉಂಡೆಯಾಗುವ ಹದಕ್ಕೆ ಸ್ವಲ್ಪ ಮುಂಚೆ ಇಳಿಸಿದರೆ ಅದು ಗಟ್ಟಿಯಾಗದೆ ಜೋನಿಬೆಲ್ಲವಾಗಿ ಉಳಿಯುತ್ತದೆ. ಆ ಗಾಣದವನು ಡಬ್ಬಿಯೊಂದರಲ್ಲಿ ಅದನ್ನು ತುಂಬಿ, ಬೆಳಿಗ್ಗೆಯೇ ಮೋಟಾರ್ ಸೈಕಲಿನ ಮೇಲೆ ತಂದು ಕೊಟ್ಟು, ಡಬ್ಬಿಯನ್ನು ಆಮೇಲೆ ಒಯ್ಯುವೆನೆಂದು ಹೋಗಿದ್ದನು.

ಜೋನಿಬೆಲ್ಲವು ಸಿಕ್ಕದವರು ಅರ್ಧ ಕಿಲೋ ಅಚ್ಚುಬೆಲ್ಲವನ್ನು ಕುಟ್ಟಿ, ಒಂದು ಲೋಟ ನೀರಿನಲ್ಲಿ ಕರಗಿಸಿ, ಬಟ್ಟೆಯಲ್ಲಿ ಸೋಸಿ (ಸೋಸದಿದ್ದರೆ ಹಲ್ಲಿಗೆ ಮರಳು ಸಿಕ್ಕುವುದು), ಸಣ್ಣ ಉರಿಯಲ್ಲಿ ಒಂದೆಳೆಯ ಪಾಕಕ್ಕೆ ತರಬೇಕು. ಹೆಬ್ಬೆರಳು ತೋರುಬೆರಳುಗಳ ನಡುವೆ ಹನಿಯನ್ನು ಒತ್ತಿ ಬಿಡಿಸಿದಾಗ ಒಂದು ಎಳೆ ನಿಂತು ಕಡಿದರೆ ಹದ. ಎರಡೆಳೆ ಬಂದರೆ ಅದು ಗುಳಿಯೊಳಗೆ ಹರಿಯದೆ ಗುಳಿಯ ಮೇಲೆ ಕುಳಿತುಕೊಳ್ಳುತ್ತದೆ; ಎಳೆಯೇ ಬರದಿದ್ದರೆ ವಾಫಲು ಅದನ್ನು ಕುಡಿದು ಮೆತ್ತಗಾಗುತ್ತದೆ. ನಾಲ್ಕು ಹನಿ ನಿಂಬೆಯ ರಸ ಹಿಂಡಿದರೆ ಪಾಕವು ತಿರುಗಿ ಹರಳುಗಟ್ಟದು. ಶುಂಠಿಪುಡಿ ಮತ್ತು ಏಲಕ್ಕಿಗಳು ಕೊನೆಗೆ. ಐವತ್ತೆರಡು 'ಇಲ್ಲ'ಗಳಲ್ಲಿ ಐವತ್ತೆರಡು ಕಂದು ಕೊಳಗಳು ಒಂದರ ಹಿಂದೊಂದು ತುಂಬಿ, ಪ್ರತಿಯೊಂದರಲ್ಲೂ ಅಡುಗೆಮನೆಯ ಕಿಟಕಿಯು ಅಂಗೈಯಷ್ಟಾಗಿ, ಬೆರಳಷ್ಟಾಗಿ, ಚುಕ್ಕಿಯಷ್ಟಾಗಿ ಮಿನುಗಿದಾಗ, ಜಲಸಂಗ್ವಿಯ ಜಾಣೆ ಗೋಡೆಯ ಕಡೆಯಿಂದ ಒಮ್ಮೆಯಾದರೂ ಕತ್ತು ತಿರುಗಿಸಬೇಕಾಗಿತ್ತೆಂದು ನನಗನ್ನಿಸಿತು.

ಸೀಳಿದ್ದು, ಕಹಿಯಾದದ್ದು, ಉಸಿರು ಹೋದದ್ದು ಎಲ್ಲವೂ ಕಳೆದು, ತಿಂದದ್ದು ತಿಂದ ಮೇಲೆ, ಹಿಟ್ಟು ತೀರಿ ಕೊನೆಗೆ ಒಂದೇ ಒಂದು ನಿರ್ದುಷ್ಟವಾದ ವಾಫಲು ತಟ್ಟೆಯಲ್ಲಿ ಉಳಿಯಿತು. ಯಂತ್ರವು ಅದನ್ನು ಕೂಡುಗೆರೆಯಿಂದ ನಾಲ್ಕು ಭಾಗವಾಗಿ ಅಚ್ಚೊತ್ತಿತ್ತು. ಸುತ್ತ ನಿಂತವರು ಆರು ಜನ. ದಾಯವಿಭಾಗದ ಪ್ರಶ್ನೆ ಎದ್ದಿತು. ಈ ವಿಷಯದಲ್ಲಿ ಭರತಖಂಡಕ್ಕೆಲ್ಲ ತೀರ್ಪು ಕೊಟ್ಟವನು ನಮ್ಮ ಕಲ್ಯಾಣದವನೇ ಎಂದು ನಾನು ಸಕಾರಣವಾಗಿ ಬೀಗಿದೆನು. ಆರನೆಯ ವಿಕ್ರಮಾದಿತ್ಯನ ಕಾಲದಲ್ಲಿ ಅಲ್ಲಿ ಕುಳಿತು ಯಾಜ್ಞವಲ್ಕ್ಯ ಸ್ಮೃತಿಗೆ 'ಮಿತಾಕ್ಷರಾ' ಎಂಬ ವ್ಯಾಖ್ಯಾನ ಬರೆದ ವಿಜ್ಞಾನೇಶ್ವರನು, ಪಿತ್ರಾರ್ಜಿತದಲ್ಲಿ ಮಗನಿಗೆ ಹುಟ್ಟಿದ ಗಳಿಗೆಯಿಂದಲೇ ಹಕ್ಕೆಂದನು; ಬಂಗಾಳದ ಜೀಮೂತವಾಹನನು 'ದಾಯಭಾಗ'ದಲ್ಲಿ, ತಂದೆ ತೀರಿದ ಮೇಲಷ್ಟೇ ಹಕ್ಕೆಂದನು. ದಾಯಭಾಗವನ್ನು ಅನುಸರಿಸಿದರೆ ಅಣ್ಣನ ಆಯುಷ್ಯಕ್ಕೆ ಕುತ್ತಾಗುವುದರಿಂದ ಅವನು ಮಿತಾಕ್ಷರೆಯ ಪಕ್ಷ ವಹಿಸಿದನು. ಹಾಗಾದರೆ ಅಣ್ಣ, ಮಗ, ಮತ್ತು ಅವಿಭಕ್ತ ಕುಟುಂಬದ ಸಹಭಾಗಿಯಾಗಿ ನಾನು, ಈ ಮೂವರೇ ಅಧಿಕಾರಿಗಳೆಂದು ಹೇಳಿ ನಾನು ಚಾಕುವನ್ನು ಎತ್ತಿದೆನು.

ಕಲಬುರಗಿಯಲ್ಲಿ ಕಾನೂನು ಓದುತ್ತಿರುವ ಅಣ್ಣನ ಮಗಳು ಈವರೆಗೆ ಮೂಲೆಯಲ್ಲಿ ಪೇರಲ ಹೆಚ್ಚುತ್ತಿದ್ದಳು. ತಲೆಯೆತ್ತದೆಯೇ ಅಂದಳು: "ಕಾಕಾ, ಐವತ್ತಾರರ ವಾರಸಾ ಕಾಯಿದೆಗೆ ಎರಡು ಸಾವಿರದ ಐದರಾಗ ತಿದ್ದುಪಡಿ ಆಗ್ಯಾದ. ಮಗಳಿಗೂ ಹುಟ್ಟಿನಿಂದನೇ ಹಕ್ಕು. ನಿಮ್ಮ ವಿಜ್ಞಾನೇಶ್ವರಗ ಹೇಳ್ರಿ."

ನಾನು ಚಾಕುವನ್ನು ಕೆಳಗಿಟ್ಟೆನು. ಅವಳು ತನ್ನ ಕಾಲುಭಾಗವನ್ನು ಬೆರಳಿನಿಂದ ಮುಟ್ಟಿ ಗುರುತಿಸಿದಳು. ಹುಡಗಿಯ ಹುಡಗಿಗೆ ಪಾಲಿಲ್ಲವೆಂದು ಹೇಳುವ ಎದೆ ಕಲ್ಯಾಣದ ಯಾವ ಪಂಡಿತನಿಗಿದ್ದೀತು? ಆಗ ಸಹಭಾಗಿಗಳು ನಾಲ್ವರಾಗಿ, ಅಚ್ಚೊತ್ತಿದ ನಾಲ್ಕು ಭಾಗಕ್ಕೆ ಲೆಕ್ಕ ಸರಿಹೋಯಿತೆಂದು ನಾನು ಸಮಾಧಾನಪಡುವಷ್ಟರಲ್ಲಿ, ವೈನಿಯವರ ಜೀವನಾಂಶದ ಪ್ರಶ್ನೆಯನ್ನು ಮಗಳು ಎತ್ತಿದಳು. ಅವ್ವನ ಹಕ್ಕು ಯಾವ ಪ್ರಕರಣದಲ್ಲಿ ಬರುತ್ತದೆಂದು ನಾನು ಒಳಗೆ ಹೋಗಿ ಪುಸ್ತಕ ತೆಗೆದೆನು. ವಿಜ್ಞಾನೇಶ್ವರನು ಪಾಲಿನ ಲೆಕ್ಕವನ್ನು ಇಷ್ಟು ಸೂಕ್ಷ್ಮವಾಗಿ ಬರೆದಿಟ್ಟ ಊರಿನಲ್ಲೇ, ಒಂದು ಶತಮಾನ ಕಳೆಯುವುದರೊಳಗೆ, ಶರಣರು ಲೆಕ್ಕವಿಡದ ದಾಸೋಹದ ಮಾತಾಡಿದರೆಂಬ ಇತಿಹಾಸದ ಸಂಗತಿಯು ನನಗೆ ಆ ಪುಟಗಳ ನಡುವೆ ಹೊಳೆಯಬೇಕಾಗಿತ್ತು, ಹೊಳೆಯಲಿಲ್ಲ.

ಹೊರಗೆ ಮೋಟಾರ್ ಸೈಕಲು ನಿಂತ ಸದ್ದಾಯಿತು. ಗಾಣದವನು ಖಾಲಿ ಡಬ್ಬಿಗೆ ಬಂದಿದ್ದನು. ನಾನು ಪುಸ್ತಕದಲ್ಲಿ ಬೆರಳಿಟ್ಟುಕೊಂಡೇ ಹೊರಗೆ ಬಂದಾಗ, ಅವ್ವ ತಟ್ಟೆಯ ವಾಫಲನ್ನು ಇಡಿಯಾಗಿ ಎತ್ತಿ, ಉಳಿದ ಪಾಕವನ್ನೆಲ್ಲ ಮೇಲೆ ಸುರಿದು, ಅವನ ಎರಡೂ ಕೈಗೆ ಇಡುತ್ತಿದ್ದಳು.

"ಏನಿದು ಆಯೀ?" ಎಂದು ಅವನು ಕೇಳಿದನು.

"ಕುಣಿ ರೊಟ್ಟಿ. ತಿನ್ನು, ಆರಿದರ ಚಲೋ ಇರಂಗಿಲ್ಲ."

ಅವನು ಕಟ್ಟೆಯ ಮೇಲೆ ಕುಳಿತು, ಮೊಣಕೈಯ ಕಡೆಗೆ ಇಳಿಯುತ್ತಿದ್ದ ಪಾಕವನ್ನು ನಾಲಗೆಯಿಂದ ತಡೆಯುತ್ತ, ಮೊದಲ ತುತ್ತನ್ನು ಕಣ್ಣು ಕಿರಿದಾಗಿಸಿ ಬಹಳ ಹೊತ್ತು ಅಗಿದನು. ಆರು ಜನ ಬಾಗಿಲಲ್ಲಿ ನಿಂತು ನೋಡುತ್ತಿದ್ದೆವು. ಮಗನಂತೂ ಉಸಿರು ಹಿಡಿದಿದ್ದನು.

"ಬೆಲ್ಲ ನಮ್ದೇ ಅದಲ್ರೀ?" ಎಂದನು.